ಮಣಿಕಟ್ಟಿನ ಒಂಬತ್ತನೆಯ ಎಲುಬು

ಅವರದು ಕಪ್ಪು ಮೈ, ಬೆರಳ ತುದಿಗಳು ಮಾತ್ರ ಬಿಳಿ. ಸುಣ್ಣದಲ್ಲಿ ಅದ್ದಿ ತೆಗೆದಂತೆ ಮೊದಲ ಗೆಣ್ಣಿನವರೆಗೆ ಬಿಳಿ. ಇಪ್ಪತ್ತು ವರ್ಷ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಎಲುಬು ತೊಳೆದು ಬಂದ ಬಣ್ಣ ಅದು. ಉಗುರುಗಳು ಫಾರ್ಮಲಿನ್‌ಗೆ ಹಳದಿಯಾಗಿದ್ದವು. ಶನಿವಾರ ಮಾತ್ರ ಬಲಗೈ ಉಂಗುರದ ಬೆರಳಿನ ಆ ಬಿಳಿ ತುದಿಗೆ ಸಿಂಧೂರ ಮೆತ್ತಿಕೊಂಡಿರುತ್ತಿತ್ತು. ಆ ದಿನ ಅವರು ಹೊತ್ತು ಮುಳುಗುವ ತನಕ ಏನೂ ತಿನ್ನುತ್ತಿರಲಿಲ್ಲ.

ರಾಯಚೂರಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅವರು ಅಟೆಂಡರ್. ನಾವು ಹುಡುಗರು ಹುಡುಗಿಯರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ನಾಲ್ಕನೆಯ ತರಗತಿಯವರೆಗೆ ಓದಿದ್ದರು. ಅವರ ಅಪ್ಪ, ಅಜ್ಜ ಊರಿನಲ್ಲಿ ಸತ್ತ ದನ ಎಳೆಯುವ ಕೆಲಸ ಮಾಡಿದವರು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. "ನಮ್ಮಪ್ಪ ತೊಗಲು ತಗೊಂಡು ಎಲುಬು ಬಿಡ್ತಿದ್ದ. ಅವ ಬಿಟ್ಟದ್ದನ್ನ ನಾ ತಗೊಂಡೀನಿ. ಸರ್ಕಾರ ಪಗಾರ ಕೊಡ್ತದ" ಎಂದು ನಗುತ್ತಿದ್ದರು.

ಪ್ರಯೋಗಾಲಯದ ಹಿಂದೆ ಒಂದು ತಗಡಿನ ಡ್ರಮ್ಮು, ಮೂರು ಕಲ್ಲಿನ ಒಲೆ. ಕುರಿ, ನಾಯಿ, ಕೋಳಿ ಏನೇ ಬಂದರೂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಮಾಂಸ ಬಿಡಿಸಿ, ಬಿಸಿಲಿಗೆ ಒಣಗಿಸಿ, ಹಿತ್ತಾಳೆ ತಂತಿಯಿಂದ ಜೋಡಿಸುತ್ತಿದ್ದರು. ಎಲುಬನ್ನು ಯಾರೂ ನೆಲಕ್ಕೆ ಇಡುವಂತಿರಲಿಲ್ಲ. ಒಮ್ಮೆ ನಾನು ನಾಯಿಯ ತೊಡೆ ಎಲುಬನ್ನು ಕೆಳಗಿಟ್ಟು ಚಿತ್ರ ಬರೆಯುತ್ತಿದ್ದಾಗ ಎತ್ತಿ ಟ್ರೇಯಲ್ಲಿಟ್ಟು, "ಅದು ನಡದಾಡಿದ್ದು ಸಾಕು ಯವ್ವಾ, ಇನ್ನ ನೆಲಾ ಯಾಕ" ಎಂದಿದ್ದರು. ಹೆಣ್ಣುಮಕ್ಕಳನ್ನೆಲ್ಲ ಯವ್ವಾ ಎಂದೇ ಕರೆಯುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಕೇಳಿದ ನೆನಪಿಲ್ಲ.

ಜೀವವಿಕಾಸದ ಪಾಠವನ್ನು ನಮ್ಮ ಲೆಕ್ಚರರ್ ಎರಡು ತಾಸಿನಲ್ಲಿ ಮುಗಿಸಿದರು. ನೋಟ್ಸು ಓದಿ ಹೇಳಿ, ಕೊನೆಗೆ ಪುಸ್ತಕ ಮುಚ್ಚಿ, "ಪರೀಕ್ಷಾಕ್ಕ ಹಿಂಗ ಬರೀರಿ. ನಂಬೋದು ಬಿಡೋದು ನಿಮ್ಮ ನಿಮ್ಮ ಮನಿಯವರಿಗೆ ಬಿಟ್ಟದ್ದು" ಎಂದರು. ತರಗತಿ ನಕ್ಕಿತು. ನಾನೂ ನಕ್ಕೆ. ನಾನು ಮಾನ್ವಿಯ ಗುಮಾಸ್ತರೊಬ್ಬರ ಮಗಳು. ಓದಲು ಬಿಟ್ಟದ್ದೇ ದೊಡ್ಡದು ಎಂಬ ಮನೆಯವಳು. ನನಗೆ ಬೇಕಾಗಿದ್ದದ್ದು ಫಸ್ಟ್ ಕ್ಲಾಸು.

ಆ ಮಧ್ಯಾಹ್ನ ಕಾಕಾ ನನ್ನನ್ನೂ ನನ್ನ ಗೆಳತಿಯನ್ನೂ ಕಪಾಟಿನ ಹತ್ತಿರ ಕರೆದರು. ಅದರೊಳಗೆ ಒಂದು ಮುಸುವದ ಅಸ್ಥಿಪಂಜರ ಕುಳಿತಿತ್ತು. ಕರಿ ಮುಖದ ಉದ್ದ ಬಾಲದ ಮಂಗ. ನಮ್ಮ ಕಡೆ ಯಾರೂ ಅದನ್ನು ಮಂಗ ಎನ್ನುವುದಿಲ್ಲ, ಹಣಮಪ್ಪ ಎನ್ನುತ್ತಾರೆ. ಬೇರೆ ಎಲುಬಿನ ಗೂಡುಗಳೆಲ್ಲ ನಿಂತಿದ್ದರೆ ಇದನ್ನು ಮಾತ್ರ ಕಾಕಾ ಮಂಡಿ ಮಡಚಿ, ಕೈ ಮೊಣಕಾಲ ಮೇಲಿಟ್ಟು ಕೂಡಿಸಿದ್ದರು.

"ನಿಮ್ಮ ಮಣಿಕಟ್ಟು ಒತ್ತಿ ನೋಡ್ರಿ. ಒಳಗ ಎಂಟು ಹಳ್ಳು, ಸಣ್ಣ ಸಣ್ಣ ಎಲುಬು ಅದಾವ" ಎಂದರು. ಒತ್ತಿ ನೋಡಿದೆವು.

"ಹಣಮಪ್ಪಂದು ಎಣಸ್ರಿ."

ಎಣಿಸಿದೆವು. ಒಂಬತ್ತು.

"ನಮ್ದು ಒಂದು ಎಲ್ಲಿ ಹೋಯ್ತು ಕಾಕಾ?"

"ಎಲ್ಲೂ ಹೋಗಿಲ್ಲ. ತಾಯಿ ಹೊಟ್ಟ್ಯಾಗ ಇದ್ದಾಗ ನಮಗೂ ಒಂಬತ್ತ ಇರ್ತಾವಂತ. ಆಮ್ಯಾಲ ಒಂದು ಬಾಜೂದಕ್ಕ ಕೂಡಿಕೋತದ. ಮೊದಲಿದ್ದ ಲೆಕ್ಚರರ್ ಸಾಹೇಬ್ರು ಹೇಳಿಕೊಟ್ಟಿದ್ದು. ನಾ ಸುಳ್ಳಂತ ಮಾಡಿದ್ದೆ. ಇವನ್ನ ಜೋಡಸ್ತಾ ಜೋಡಸ್ತಾ ಖರೇ ಅನಸ್ತು."

ಗೆಳತಿ ಚೇಷ್ಟೆಗೆ ಕೇಳಿದಳು. "ಕಾಕಾ, ನೀವು ಶನಿವಾರ ಉಪಾಸ ಮಾಡ್ತೀರಿ. ಹಣಮಪ್ಪ ದೇವ್ರೋ, ನಮ್ಮ ಬಳಗಾನೋ?"

"ದೇವ್ರು ಬಳಗದಾವ ಇದ್ರ ಬ್ಯಾಡ ಅಂತೀಯೇನು?"

ಅವರು ಹಣಮಪ್ಪನ ಗುಡಿಯ ಒಳಗೆ ಹೋಗುತ್ತಿರಲಿಲ್ಲ. ಹೊರಗೆ ರಸ್ತೆಯಲ್ಲಿ ಚಪ್ಪಲಿ ಬಿಟ್ಟು ನಿಂತು ಕೈ ಮುಗಿಯುತ್ತಿದ್ದರು. ಅವರ ಅಪ್ಪನ ಕಾಲಕ್ಕೆ ಒಳಗೆ ಬಿಡುತ್ತಿರಲಿಲ್ಲ. ಇವರ ಕಾಲಕ್ಕೆ ತಡೆಯುವವರು ಇಲ್ಲದಿದ್ದರೂ ಇವರು ಒಳಗೆ ಹೋಗಲಿಲ್ಲ. ಪೂಜಾರಿಯೇ ಒಂದು ಎಲೆಯಲ್ಲಿ ಸಿಂಧೂರ ತಂದು ಮೆಟ್ಟಿಲ ಮೇಲೆ ಇಡುತ್ತಿದ್ದ.

ಆ ಮುಸುವ ಎಲ್ಲಿಂದ ಬಂತೆಂದು ಅವರು ಹೇಳಿದ್ದು ನನಗೊಬ್ಬಳಿಗೆ. ಕಲ್ಮಲದ ದಾರಿಯಲ್ಲಿ ಒಂದು ಸಣ್ಣ ಊರು. ಕರೆಂಟಿನ ತಂತಿ ಹಿಡಿದು ಸತ್ತ ಹಣಮಪ್ಪನಿಗೆ ಊರವರು ಹಾರ ಹಾಕಿ, ಬಾಜಾ ಬಜಂತ್ರಿ ಮಾಡಿ ಹೊಲದ ಬದುವಿನಲ್ಲಿ ಹುಗಿದು ಕಟ್ಟೆ ಕಟ್ಟಿದರು. ಒಂದೂವರೆ ವರ್ಷದ ನಂತರ ಕಾಕಾ ಆ ಹೊಲದ ಮುದುಕನ ಹತ್ತಿರ ಹೋಗಿ ಎಲುಬು ಕೇಳಿದರು. ಓದುವ ಮಕ್ಕಳಿಗೆ ಎಂದರು. ಮುದುಕ ಎಂಟು ದಿನ ಯೋಚಿಸಿ ಹೂಂ ಎಂದ. ಯಾರಿಗೂ ಗೊತ್ತಾಗಬಾರದು ಎಂದ. ಒಂದು ಶನಿವಾರ ನಸುಕಿನಲ್ಲಿ ಸ್ನಾನ ಮಾಡಿ ಹೋಗಿ, ಕಟ್ಟೆಯ ಹಿಂಬದಿಯಿಂದ ಮಣ್ಣು ತೆಗೆದು, ಹೆಂಡತಿಯ ಹಿಟ್ಟಿನ ಸಾಣಿಗೆಯಲ್ಲಿ ಆ ಮಣ್ಣನ್ನು ಜರಡಿ ಹಿಡಿದು, ಅಕ್ಕಿಯಷ್ಟು ಸಣ್ಣ ಎಲುಬೂ ಬಿಡದೆ ತಂದರು. ಅದರ ಜಾಗದಲ್ಲಿ ಹಣಮಪ್ಪನ ಚಿತ್ರವಿದ್ದ ತಾಮ್ರದ ತಗಡು ಇಟ್ಟು ಮುಚ್ಚಿದರು. ಅದೊಂದನ್ನು ಅವರು ಡ್ರಮ್ಮಿಗೆ ಹಾಕಲಿಲ್ಲ. ಬಿಸಿಲು, ಗಾಳಿ, ಮಣ್ಣು ಏನು ಮಾಡಿತ್ತೋ ಅಷ್ಟೇ.

ಇದು ನನಗೆ ಗೊತ್ತಿತ್ತು. ಈ ಮಾತನ್ನು ಮೊದಲು ಬರೆದು ಮುಂದೆ ಹೋಗುತ್ತೇನೆ. ನನಗೆ ಗೊತ್ತಿತ್ತು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ದೇವದುರ್ಗದ ಒಂದು ಶಾಲೆಯಲ್ಲಿ ಮೂರು ದಿನದ ವಿಜ್ಞಾನ ಪ್ರದರ್ಶನ. ಲೆಕ್ಚರರ್, ಕಾಕಾ, ನಾವು ಆರು ವಿದ್ಯಾರ್ಥಿಗಳು ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮುಸುವದ ಪೆಟ್ಟಿಗೆ ಕಾಕಾನ ತೊಡೆಯ ಮೇಲಿತ್ತು. ಒಂದು ಉದ್ದ ಮೇಜಿನ ಮೇಲೆ ಕಪ್ಪೆ, ಪಾರಿವಾಳ, ಕುರಿ, ಮುಸುವ, ಮನುಷ್ಯ ಎಂದು ಸಾಲಾಗಿ ಇಟ್ಟೆವು. ಕಾರ್ಡು ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಿದ್ದವು. ಆ ಬಗ್ಗೆ ನನಗೆ ಜಂಬವಿತ್ತು.

ಮುಸುವದ ಕಾರ್ಡಿನಲ್ಲಿ ನಾನು ಬರೆದದ್ದು ಹೀಗೆ. "ಮುಸುವ. ವಾಷಿಂಗ್ ಸೋಡಾ ನೀರಿನಲ್ಲಿ ನಾಲ್ಕು ತಾಸು ಕುದಿಸಿ, ಮಾಂಸ ಬಿಡಿಸಿ ತಯಾರಿಸಿದ ಅಸ್ಥಿಪಂಜರ. ಇದಕ್ಕೂ ಮನುಷ್ಯನಿಗೂ ಹಿರಿಯರು ಒಬ್ಬರೇ." ಮೊದಲ ವಾಕ್ಯಗಳನ್ನು ನನ್ನ ಪ್ರಾಕ್ಟಿಕಲ್ ರೆಕಾರ್ಡಿನಿಂದ ಇಳಿಸಿದೆ. ಅದರಲ್ಲಿ ಕುರಿಗೂ ಅದೇ, ನಾಯಿಗೂ ಅದೇ, ಎಲ್ಲದಕ್ಕೂ ಅದನ್ನೇ ಬರೆದಿದ್ದೆ. ಕೈ ತನ್ನಷ್ಟಕ್ಕೆ ಬರೆಯಿತು.

ಎರಡು ದಿನ ಏನೂ ಆಗಲಿಲ್ಲ. ಜನ ತಂಡ ತಂಡವಾಗಿ ಬಂದರು. ಕೊನೆಯ ಸಾಲು ಓದಿ ನಗುವವರೇ ಎಲ್ಲ.

"ಲೇ, ನೋಡಲೇ, ನಿಮ್ಮ ಮಾವ ಇಲ್ಲಿ ಕುಂತಾನ!"

"ನಮ್ಮ ಮಾವ ಅಲ್ಲಲೇ, ನೀ ಕನ್ಯಾ ನೋಡಾಕ ಹೋದಾಗ ಬಂದಿದ್ನಲ್ಲ, ನಿಮ್ಮ ಕಾಕಾ!"

ಸಂತೆಯಲ್ಲಿ ಬಳೆ ವ್ಯಾಪಾರ ಮಾಡುವ ಮುದಿ ಸಾಹೇಬರೊಬ್ಬರು ಮೊಮ್ಮಗಳ ಕೈ ಹಿಡಿದು ಬಂದಿದ್ದರು. ಬಹಳ ಹೊತ್ತು ನೋಡಿ, "ನಮ್ಮಲ್ಲಿ ಹಿಂಗಿಲ್ಲಪಾ. ಆದಮನ್ನ ಅಲ್ಲಾ ಮಣ್ಣಿಲೆ ಮಾಡ್ಯಾನ" ಎಂದರು. ಕಾಕಾ ಅವರಿಗೆ ಸ್ಟೂಲು ಕೊಟ್ಟು, "ಇವೂ ಮಣ್ಣಾಗಿಂದ ಬಂದಾವ್ರಿ ಸಾಹೇಬ್ರ" ಎಂದರು. ಅವರಿಬ್ಬರೂ ನಕ್ಕರು. ಕಾಕಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಎರಡನೆಯ ದಿನ ಸಂಜೆ ಒಬ್ಬ ಹೆಂಗಸು ಮುಸುವದ ಮುಂದೆ ಎರಡು ಮಲ್ಲಿಗೆ ಹೂವಿಟ್ಟಳು. ಮೂರನೆಯ ದಿನ ಶನಿವಾರ. ಬೆಳಿಗ್ಗೆಯಿಂದ ಕುಂಕುಮ, ಎಲೆ, ಬಾಳೆಹಣ್ಣು ಬರತೊಡಗಿದವು. ಲೆಕ್ಚರರ್ ಸಿಟ್ಟಾದರು. "ಇದು ವಿಜ್ಞಾನ ಪ್ರದರ್ಶನ. ತಗೀ ಅವನ್ನ." ಕಾಕಾ ಹೂಗಳನ್ನು ಒಂದೊಂದಾಗಿ ಎತ್ತಿ ಎಲುಬಿನ ಟ್ರೇಯೊಂದರಲ್ಲಿ ಜೋಡಿಸಿ ಪಕ್ಕಕ್ಕಿಟ್ಟರು. ಎಸೆಯಲಿಲ್ಲ.

ಟ್ರೇ ಇಡುವಾಗಲೇ ಅವರು ಕಾರ್ಡನ್ನು ಓದಿದ್ದು. ಅಕ್ಷರ ಕೂಡಿಸಿ ನಿಧಾನ ಓದುವವರು ಅವರು. ಓದಿ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದರು. "ಯವ್ವಾ, ಇದು ತಪ್ಪದ. ಇದನ್ನ ನಾ ಕುದಿಸಿಲ್ಲ, ನಿನಗ ಗೊತ್ತದಲ್ಲ. ಆ ಸಾಲು ತಗದು ಬ್ಯಾರೆ ಕಾರ್ಡ್ ಬರದುಬಿಡು."

"ಹೂಂ ಕಾಕಾ. ಚಾ ಕುಡಿದು ಬರೀತೀನಿ."

ಆಗಷ್ಟೇ ಚಹಾ ಬಂದಿತ್ತು. ಬಿಸಿಯಿತ್ತು. ಡ್ರಾಯಿಂಗ್ ಶೀಟು ಮೇಜಿನ ಕೆಳಗೇ ಇತ್ತು. ಸ್ಕೆಚ್ ಪೆನ್ನು ನನ್ನ ಕೈಯಲ್ಲೇ ಇತ್ತು. ಒಂದು ಕಾರ್ಡು ಬರೆಯಲು ನನಗೆ ಎರಡು ನಿಮಿಷ ಸಾಕು. ಮುಂದೆ ಅನೇಕ ಸಲ ಗಡಿಯಾರ ಮುಂದಿಟ್ಟುಕೊಂಡು ಬರೆದು ನೋಡಿದ್ದೇನೆ. ಎರಡು ನಿಮಿಷವೂ ಬೇಡ.

ಚಹಾದ ಗ್ಲಾಸು ಅರ್ಧವಾಗಿತ್ತು. ನೆರೆದಿದ್ದ ಹೆಂಗಸರ ಹಿಂದೆ ಒಬ್ಬ ಯುವಕ ನಿಂತಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಹೊಸ ವಾಚು. ಒಬ್ಬ ಮುದುಕಿ ಅವನಿಗೆ, "ಏನು ಬರದಾರಪಾ, ಓದಿ ಹೇಳು" ಎಂದಳು. ಅವನು ಕಾರ್ಡು ಎತ್ತಿಕೊಂಡು ಗಟ್ಟಿಯಾಗಿ ಓದಿದ. ಕುದಿಸಿ ಎಂಬಲ್ಲಿ ಒಂದು ಕ್ಷಣ ನಿಂತ. ಮತ್ತೆ ಓದಿದ.

ಆಗಷ್ಟೇ ಕುಂಕುಮ ಇಟ್ಟಿದ್ದ ಹೆಂಗಸು ತನ್ನ ಬೆರಳನ್ನು ನೋಡಿಕೊಂಡಳು. "ಯವ್ವಾ, ಹಣಮಪ್ಪನ್ನ ಕುದಿಸ್ಯಾರಂತ!"

ಮುಂದಿನದು ನನಗೆ ಸಾಲಾಗಿ ನೆನಪಿಲ್ಲ. ತುಂಡು ತುಂಡಾಗಿ ಇದೆ. ಬಾಗಿಲಲ್ಲಿ ಜನ ತುಂಬಿದ್ದು. ಯಾರೋ ಕಪ್ಪೆಯ ಬಾಟಲಿ ಒಡೆದದ್ದು, ಫಾರ್ಮಲಿನ್ ವಾಸನೆಗೆ ಎಲ್ಲರ ಕಣ್ಣಲ್ಲಿ ನೀರು ಬಂದದ್ದು. "ಯಾರಲೇ ಕುದಿಸಿದ್ದು?" ಎಂಬ ಕೂಗು. ಲೆಕ್ಚರರ್, "ಅದೆಲ್ಲ ನಮ್ಮ ಅಟೆಂಡರ್ ಮಾಡೋದ್ರಿ, ನಮಗೇನು ಗೊತ್ತಿರಲ್ಲ" ಎಂದು ಹೇಳಿ ಫೋನ್ ಮಾಡಲು ಹೆಡ್ ಮಾಸ್ತರರ ಕೋಣೆಗೆ ಹೋದದ್ದು. ಅವರು ಹೇಳಿದ್ದು ಸುಳ್ಳಲ್ಲ.

ಕಾಕಾ ಮುಸುವದ ಮುಂದೆ ಬಂದು ನಿಂತರು. ಹಣೆಯ ಮೇಲೆ ಸಿಂಧೂರವಿತ್ತು.

"ನೀನೇನು ಕುದಿಸಿದ್ದು?"

ಅವರು ಮುಸುವಕ್ಕೆ ಬೆನ್ನು ಕೊಟ್ಟು ಇನ್ನಷ್ಟು ಒತ್ತಿ ನಿಂತರು.

"ಹಣೀಗೆ ಸಿಂಧೂರ ಬ್ಯಾರೆ ಹಚಗೊಂಡಾನ. ಯಾವ ಮಂದಿ ಲೇ ನೀನು?"

ಅವರು ಹೇಳಿದರು. ತಮ್ಮ ಜಾತಿಯ ಹೆಸರನ್ನು ಹಾಜರಿ ಹೇಳುವಂತೆ ಸರಳವಾಗಿ ಹೇಳಿದರು. ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರು.

"ಇದನ್ನ ಬರದಾವ್ರು ಯಾರು?"

ನನ್ನ ಬಲಗೈ ತೋರುಬೆರಳಿಗೆ ನೀಲಿ ಮಸಿ ಹತ್ತಿತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಕಾಕಾ ನನ್ನ ಕಡೆ ತಿರುಗಲಿಲ್ಲ.

"ಅದೂ ನಾನೇ ಬರದೀನ್ರಿ."

ಆಗ ನಾನು ಹೇಳಬಹುದಿತ್ತು. ಕುದಿಸಿಲ್ಲ, ಕಾರ್ಡು ತಪ್ಪು, ಬರೆದವಳು ನಾನು ಎಂದು ಮೂರು ಮಾತು. ನಾನು ಹುಡುಗಿ, ಮಾನ್ವಿಯ ಗುಮಾಸ್ತರ ಮಗಳು. ನನ್ನ ಮೈ ಮೇಲೆ ಯಾರೂ ಕೈ ಮಾಡುತ್ತಿರಲಿಲ್ಲ. ಬಾಯಿ ತೆರೆದದ್ದು ನೆನಪಿದೆ. ಚಹಾದ ಸಿಹಿ ನಾಲಿಗೆಯ ಮೇಲೆ ಇನ್ನೂ ಇತ್ತು.

ಯಾರೋ ಮೇಜು ಉರುಳಿಸಿದರು. ಮುರಿದ ಮೇಜಿನ ಕಾಲು ಒಬ್ಬನ ಕೈಗೆ ಬಂತು. ಕಾಕಾ ಮುಸುವವನ್ನು ಎದೆಗವಚಿಕೊಂಡು ಕುಕ್ಕರಿಸಿದರು. ಏಟು ಅವರ ಬಲಗೈಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಎಲುಬಿನ ಸದ್ದು ನನಗೆ ಗೊತ್ತಿತ್ತು, ಮೂರು ವರ್ಷ ಅದನ್ನೇ ಓದಿದ್ದೆ. ಯಾರ ಎಲುಬು ಎಂಬುದು ಮಾತ್ರ ತಿಳಿಯಲಿಲ್ಲ.

ಇನ್ನೊಂದು ಏಟು ಬೀಳುವ ಮೊದಲು ಆ ಮುದುಕಿ, ಓದಿ ಹೇಳು ಎಂದವಳು, ನಡುವೆ ಬಂದಳು. ಕಾಕಾನನ್ನು ಉಳಿಸಲು ಬಂದದ್ದಲ್ಲ. "ಹಣಮಪ್ಪಗ ಬಡದಗಿಡದೀರಿ! ಮೊದಲು ಅವನ್ನ ಮಣ್ಣಿಗೆ ಕೊಡ್ರೋ. ಆಮ್ಯಾಲ ಇವನ್ನ ಏನರ ಮಾಡ್ರಿ" ಎಂದು ಕೂಗಿದಳು.

ಆ ಮಾತು ಜನಕ್ಕೆ ಒಪ್ಪಿತು. ಕುದಿಸಿದವನೇ ಹೊತ್ತು ತರಲಿ ಎಂದರು. ಕಾಕಾ ಅದನ್ನು ಎತ್ತಿಕೊಂಡು ನಡೆದರು. ಮುಸುವದ ಒಂದು ಕೈ ಅವರ ಹೆಗಲ ಮೇಲೆ ಬಿದ್ದಿತ್ತು, ಮಗುವಿನದು ಬಿದ್ದ ಹಾಗೆ. ಹಿಂದೆ ಇನ್ನೂರು ಜನ ಇದ್ದಿರಬಹುದು. ಒಂದು ಕಲ್ಲು ಅವರ ಕಿವಿಗೆ ತಾಗಿತು. ನಾನು ಖಾಲಿ ಪೆಟ್ಟಿಗೆ ಹಿಡಿದು ಹಿಂದೆ ಹೋದೆ. ಯಾಕೆ ಹಿಡಿದುಕೊಂಡಿದ್ದೆನೋ ಗೊತ್ತಿಲ್ಲ.

ಶಾಲೆಯ ಹಿಂದಿನ ಬಯಲಿನಲ್ಲಿ ಬೇವಿನ ಮರದ ಕೆಳಗೆ ಗುಂಡಿ ತೋಡಿದರು. ಮೇಜಿನ ಕಾಲು ಹಿಡಿದವನು ಕಾಕಾನ ಬೆನ್ನ ಹಿಂದೆಯೇ ನಿಂತಿದ್ದ. ಹುಗಿದ ಮೇಲೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾಕಾನಿಗೂ ಗೊತ್ತಿತ್ತು.

ಅವರು ಗುಂಡಿಯ ಪಕ್ಕ ಕುಳಿತರು. ತಮ್ಮ ಹೆಗಲ ವಸ್ತ್ರ ಹಾಸಿದರು. "ತಂತಿ ಸಹಿತ ಮಣ್ಣಿಗೆ ಕೊಡಬಾರದ್ರಿ. ಬಿಚ್ಚಾಕ ಸ್ವಲ್ಪ ಹೊತ್ತು ಕೊಡ್ರಿ" ಎಂದರು.

ಯಾರೂ ಬೇಡ ಎನ್ನಲಿಲ್ಲ. ತಂತಿ ಕಟ್ಟಿ ಹುಗಿಯುವುದು ಅವರಿಗೂ ಸರಿ ಎನಿಸಲಿಲ್ಲ.

ಬಲಗೈಯ ಎರಡು ಬೆರಳು ಆಗಲೇ ಊದಿದ್ದವು. ಎಡಗೈಯಿಂದ ಇಕ್ಕಳ ಹಿಡಿದು ಬಾಲದ ತುದಿಯಿಂದ ಶುರು ಮಾಡಿದರು. ಒಂದೊಂದು ಎಲುಬು ಬಿಚ್ಚಿ ವಸ್ತ್ರದ ಮೇಲೆ ಸಾಲಾಗಿ ಇಡುತ್ತ ಹೋದರು. ಪ್ರಯೋಗಾಲಯದಲ್ಲಿ ಮಾಡುವಂತೆಯೇ ಎಣಿಸುತ್ತಿದ್ದರು, ಬಾಯಲ್ಲಿ. ಒಂದು, ಎರಡು, ಮೂರು. ಬಾಲ ಮುಗಿದು ಬೆನ್ನು ಬಂತು. ಸಿಟ್ಟಿನಿಂದ ನಿಂತ ಜನಕ್ಕೂ ಕಾಲು ನೋಯುತ್ತದೆ. ಮುಂದಿನವರು ಕುಳಿತರು. ಮುದುಕಿ ಎಲ್ಲರಿಗಿಂತ ಹತ್ತಿರ ಕುಳಿತಳು.

"ಇದು ಯಾವದು?" ಎಂದು ಕೇಳಿದಳು.

"ಬಾಲ ಶುರುವಾಗೋ ಜಾಗಾ ರೀ ಯವ್ವಾ. ನಮಗೂ ಅದ. ಇಷ್ಟ ಸಣ್ಣದು, ಒಳಗ ಮುಚಗೊಂಡದ."

ಹಿಂದೆ ನಿಂತ ಒಬ್ಬ ಮೆಲ್ಲಗೆ ತನ್ನ ನಡುವಿನ ಕೆಳಗೆ ಮುಟ್ಟಿ ನೋಡಿಕೊಂಡ. ಪಕ್ಕದವನು ನೋಡಿ, "ಸಿಕ್ಕಿತೇನಲೇ?" ಎಂದ. ಇಬ್ಬರು ಮೂವರು ನಕ್ಕು, ನಕ್ಕದ್ದಕ್ಕೆ ನಾಚಿ ಸುಮ್ಮನಾದರು.

ಪಕ್ಕೆಲುಬು, ಭುಜ, ಮೊಣಕೈ. ಮಣಿಕಟ್ಟು ಬಂತು. ಕಾಕಾ ಒಂಬತ್ತು ಹಳ್ಳುಗಳನ್ನು ಬಿಚ್ಚಿ ತಮ್ಮ ಮುರಿದ ಕೈಯ ಅಂಗೈ ಮೇಲೆ ಇಟ್ಟುಕೊಂಡರು. ಬೆರಳು ಮಡಚಲು ಬಾರದೆ ಅಂಗೈ ತೆರೆದೇ ಇತ್ತು. ಅವರ ಬಿಳಿ ಬೆರಳ ತುದಿಗಳ ನಡುವೆ ಆ ಎಲುಬುಗಳು, ಯಾವುದು ಯಾರದೆಂದು ದೂರದಿಂದ ತಿಳಿಯುತ್ತಿರಲಿಲ್ಲ. "ನಮ್ದು ಎಂಟು, ಇವಂದು ಒಂಬತ್ತು" ಎಂದರು, ಯಾರಿಗೂ ಅಲ್ಲವೆಂಬಂತೆ. ಮುದುಕಿ ತನ್ನ ಬಳೆ ಹಿಂದೆ ಸರಿಸಿ ಮಣಿಕಟ್ಟು ಒತ್ತಿಕೊಂಡಳು. ಇನ್ನೊಬ್ಬಳೂ ಒತ್ತಿಕೊಂಡಳು. ನಾನು ತಲೆ ಎತ್ತಿ ನೋಡಿದೆ. ಮೇಜಿನ ಕಾಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಡೆದವನು ತನ್ನ ಎಡಗೈಯನ್ನು ಮುಷ್ಟಿ ಮಾಡಿ ಬಿಚ್ಚಿ, ಮುಷ್ಟಿ ಮಾಡಿ ಬಿಚ್ಚಿ ನೋಡುತ್ತಿದ್ದ.

ಒಂದೂವರೆ ತಾಸು ಹಿಡಿಯಿತು. ಕೊನೆಗೆ ತಲೆಬುರುಡೆಯನ್ನು ಮಧ್ಯದಲ್ಲಿಟ್ಟು ವಸ್ತ್ರ ಗಂಟು ಕಟ್ಟಿ, ಗುಂಡಿಗೆ ಇಳಿದು ಮಲಗಿಸಿ, ಮೇಲೆ ಬಂದು ತಲೆ ಬಾಗಿಸಿ ಕುಳಿತರು. ಏಟಿಗೆ ಕಾದಂತೆ. ಜನ ಮಣ್ಣು ಹಾಕಿದರು. ಮುದುಕಿ ಕೈ ಝಾಡಿಸಿ ಎದ್ದಳು. "ಎಷ್ಟು ಜ್ವಾಕೀಲೆ, ಒಂದೂ ಮುರೀದಂಗ ಬಿಚ್ಚಿದ" ಎಂದು ಪಕ್ಕದವಳಿಗೆ ಹೇಳಿದಳು. ಜನ ಒಬ್ಬೊಬ್ಬರಾಗಿ ಚದುರಿದರು. ಪೊಲೀಸರು ಬಂದಾಗ ಅಲ್ಲಿ ನಾವಿಬ್ಬರೇ ಇದ್ದೆವು.

ಮಂಗ ನಮ್ಮ ಬಳಗ ಎಂಬ ಸಾಲಿಗೆ ಆ ಊರಿನಲ್ಲಿ ಯಾರೂ ಸಿಟ್ಟಾಗಲಿಲ್ಲ. ಬಳಗವೆಂದು ಒಪ್ಪಿದ್ದರಿಂದಲೇ ಕುದಿಸಿದ್ದಕ್ಕೆ ಅಷ್ಟು ಸಿಟ್ಟು ಬಂತೆಂದು ಈಗ ಅನ್ನಿಸುತ್ತದೆ. ಆಗ ಏನೂ ಅನ್ನಿಸಲಿಲ್ಲ.

ಜೀಪಿನಲ್ಲಿ ಕೇಳಿದೆ. "ಖರೇ ಯಾಕ ಹೇಳ್ಲಿಲ್ಲ ಕಾಕಾ?"

"ಖರೇ ಹೇಳಿದ್ರ ಆ ಊರಾಗ ಕಟ್ಟಿ ಖಾಲಿ ಅದ ಅಂತ ಎಲ್ಲಾರಿಗೂ ಗೊತ್ತಾಗ್ತಿತ್ತು. ದಿನಾ ದೀಪಾ ಹಚ್ಚಾವ್ರು ಅದಾರ ಅಲ್ಲಿ." ಊದಿದ ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡು, "ನೀ ಸುಮ್ನಿರು. ನಿಮ್ಮಪ್ಪಗ ಗೊತ್ತಾದ್ರ ಸಾಲಿ ಬಿಡಸ್ತಾನ" ಎಂದರು.

ಕಟ್ಟೆಯಿರುವ ಆ ಊರಿನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಕಾರ್ಡು ಸಿಗಲಿಲ್ಲ. ಬರೆದವಳು ನಾನೆಂದು ಬಲ್ಲವರು, ಲೆಕ್ಚರರ್ ಸಹಿತ, ಆ ಮಾತು ಎತ್ತಲಿಲ್ಲ. ಬರೆದದ್ದು ತಾನೇ ಎಂದು ಅಟೆಂಡರ್ ಒಪ್ಪಿದ್ದಾನೆ ಎಂಬ ಕಾಗದವನ್ನು ನನ್ನ ಮುಂದೆ ಇಟ್ಟು, ನೀನೇನಾದರೂ ನೋಡಿದೆಯಾ ಎಂದು ಕೇಳಿದರು. ಗಮನಿಸಲಿಲ್ಲ ಎಂದು ಬರೆದು ಸಹಿ ಮಾಡಿದೆ. ಅದೇ ದುಂಡು ಅಕ್ಷರ. ಕಾಕಾನನ್ನು ಪ್ರಯೋಗಾಲಯದಿಂದ ತೆಗೆದು ಆಫೀಸಿನಲ್ಲಿ ಗಂಟೆ ಬಾರಿಸುವ, ಫೈಲು ಒಯ್ಯುವ ಕೆಲಸಕ್ಕೆ ಹಾಕಿದರು. ಮುರಿದ ಎರಡು ಬೆರಳು ಸೊಟ್ಟಗೇ ಕೂಡಿಕೊಂಡವು. ಮತ್ತೆ ಅವರು ಇಕ್ಕಳ ಹಿಡಿಯಲಿಲ್ಲ. ವರ್ಷ ಕಳೆದಂತೆ ಬೆರಳ ತುದಿಗೆ ಕಪ್ಪು ಬಣ್ಣ ಮರಳಿ ಬರತೊಡಗಿತು. ನನಗೆ ಫಸ್ಟ್ ಕ್ಲಾಸು ಬಂತು.

ನಾನು ಮಾನ್ವಿಯಲ್ಲಿ ಹೈಸ್ಕೂಲ್ ಟೀಚರ್ ಆದೆ. ಎಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ, ಕುರ್ಡಿ ಎಂಬ ಊರಿಗೆ ಕೊಟ್ಟ ಮಗಳನ್ನು ನೋಡಲು ಹೊರಟ ಕಾಕಾ ಶಾಲೆಯ ಗೇಟಿನಲ್ಲಿ ನಿಂತಿದ್ದರು. ಎದುರಿನ ಹೋಟೆಲಿನಲ್ಲಿ ಕುಳಿತೆವು.

"ಎಲುಬಿನ ಪಾಠ ಕಲಸ್ತೀ ಹೌದಿಲ್ಲೋ?"

"ಎಲುಬಿಂದು ಮಾಡ್ತೀನಿ ಕಾಕಾ. ಜೀವವಿಕಾಸ ಬಂದಾಗ ಮನ್ಯಾಗ ಓದಿಕೊಳ್ರಿ ಅಂತೀನಿ."

ಅವರು ಬಸಿಗೆ ಚಹಾ ಸುರುವಿಕೊಂಡು ಕುಡಿದರು. ಸೊಟ್ಟ ಬೆರಳುಗಳು ಬಸಿಯ ಅಂಚಿನಿಂದ ಆಚೆಗೆ ನಿಂತಿದ್ದವು. ನನ್ನ ಮುಖ ನೋಡಲಿಲ್ಲ.

"ಎಂಟು ಹೇಳು ಸಾಕು. ಒಂಬತ್ತನೇದು ಹುಡುಗ್ರೇ ಕೇಳ್ತಾರ."

ಆ ವರ್ಷದಿಂದ ಹೇಳುತ್ತೇನೆ. ಪ್ರತಿ ವರ್ಷವೂ ಆ ದಿನ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಮಕ್ಕಳು ಮಣಿಕಟ್ಟು ಒತ್ತಿಕೊಂಡು ಎಣಿಸುತ್ತಾರೆ. ಒಂದಲ್ಲ ಒಂದು ಹುಡುಗಿ ಕೇಳಿಯೇ ಕೇಳುತ್ತಾಳೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಎದೆನೋವಂತೆ. ಸುದ್ದಿ ತಡವಾಗಿ ತಿಳಿದು, ತಿಂಗಳ ಮೇಲೆ ರಾಯಚೂರಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗೆ ಕರೆದು ಚಾಪೆ ಹಾಸಿದರು. ಗೋಡೆಗೆ ಹಣಮಪ್ಪನ ಫೋಟೋ. ನಾನು ಯಾರೆಂದು ಹೇಳಿದೆ, ಕಾಲೇಜಿನಲ್ಲಿ ಓದಿದವಳು, ಈಗ ಮಾನ್ವಿಯಲ್ಲಿ ಟೀಚರ್ ಎಂದು. ಅವರು ಎದ್ದು ಫೋಟೋದ ಹಿಂದಿನಿಂದ ಒಂದು ರಟ್ಟು ತೆಗೆದರು. ನಾಲ್ಕೂ ಮೂಲೆಗೆ ಕುಂಕುಮ ಹಚ್ಚಿತ್ತು.

"ನನಗ ಓದಾಕ ಬರಂಗಿಲ್ಲವ್ವಾ. ದೇವದುರ್ಗದಾಗ ಬಡಿಸಿಕೊಂಡು ಬಂದ ದಿನ ಅಂಗಿಯಾಗಿಂದ ತಗದು ಇಲ್ಲಿಟ್ರು. ಒಬ್ಬಾಕಿ ಶ್ಯಾಣೇ ಹುಡುಗಿ ಬರದದ್ದು, ಯಾರ ಕೈಗೂ ಕೊಡಬ್ಯಾಡ ಅಂದ್ರು. ಏನು ಬರದದ ಓದಿ ಹೇಳು."

ವಿಚಾರಣೆಯಲ್ಲಿ ಕಾರ್ಡು ಯಾಕೆ ಸಿಗಲಿಲ್ಲವೆಂದು ಆಗ ತಿಳಿಯಿತು. ಸಿಕ್ಕಿದ್ದರೆ ಅಕ್ಷರ ಯಾರದೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮೇಜು ಉರುಳಿ, ಏಟು ಬೀಳುವ ಆ ಹೊತ್ತಿನಲ್ಲಿ, ಮುಸುವವನ್ನು ತಬ್ಬಿಕೊಳ್ಳುವ ಮೊದಲೋ ನಂತರವೋ, ಅವರು ಕೆಳಗೆ ಬಿದ್ದ ಇದನ್ನು ಎತ್ತಿಕೊಂಡಿದ್ದರು.

ಓದಿದೆ. ಒಂದು ಅಕ್ಷರ ಬಿಡದೆ ಓದಿದೆ. "ಬರದಾಕಿ ನಾನೇ ಯವ್ವಾ" ಎಂದೆ. ಹನ್ನೊಂದು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಏನೂ ಆಗಲಿಲ್ಲ.

ಅವರು ನನ್ನನ್ನೇ ನೋಡಿದರು. "ಆದ್ರ ಅದನ್ನ ಅವ್ರು ಕುದಿಸಿಲ್ಲಲ್ಲವ್ವಾ. ನನ್ನ ಸಾಣಿಗೀಲೆ ಜರಡಿ ಹಿಡದು ತಂದದ್ದು. ಆ ಸಾಣಿಗಿ ಮತ್ತ ಹಿಟ್ಟಿಗೆ ಬರ್ಲಿಲ್ಲ, ಹೊಸಾದು ತಂದ್ವಿ. ನೀ ತಪ್ಪು ಬರದೀದಿ."

"ಹೌದು. ತಪ್ಪು ಬರದೀನಿ."

"ಹಂಗಾದ್ರ ತಿದ್ದು."

ಪರ್ಸಿನಿಂದ ಪೆನ್ನು ತೆಗೆದೆ. ಅವರು ಮೊಣಕಾಲಿಗೆ ಕೈ ಊರಿ ಏಳುತ್ತ, "ತಡಿ, ಚಾ ಮಾಡ್ತೀನಿ. ಕುಡದು ಬರೀವಂತಿ" ಎಂದರು.

"ಬ್ಯಾಡ ಯವ್ವಾ, ಕೂಡ್ರಿ" ಎಂದೆ. "ಮೊದಲು ಬರೀತೀನಿ."